ಗಲ್ಲ ಸ್ವಲ್ಪ ಮೇಲೆ

ಹತ್ತೊಂಬತ್ತು ವರ್ಷ ನಾನು ಹೇಳಿದ್ದು ಇದೊಂದೇ ಮಾತು:
ಗಲ್ಲ ಸ್ವಲ್ಪ ಮೇಲೆ. ಹಾಂ. ಉಸಿರು ಬಿಡಿ.
ಪಾಂಡವಪುರದ ಸ್ಟೇಷನ್ ರಸ್ತೆ, ಎಂಟಡಿ ಸ್ಟುಡಿಯೋ,
ನೀಲಿ ಪರದೆಯ ಮುಂದೆ ಕೂತೆದ್ದು ಹೋದವರು
ರೇಷನ್ ಕಾರ್ಡಿಗೆ, ಹಾಲ್ ಟಿಕೆಟ್ಟಿಗೆ, ಲೈಸೆನ್ಸಿಗೆ,
ಒಬ್ಬೊಬ್ಬರೂ ಎಂಟೆಂಟು ಪ್ರತಿ.
ಊರಿನ ಮುಖವೆಲ್ಲ ನನಗೆ ಗೊತ್ತು.
ನೆತ್ತಿ ಗೊತ್ತಿರಲಿಲ್ಲ.

ನೆತ್ತಿಯ ಹುಚ್ಚು ಹತ್ತಿಸಿದವನು ರಹಮತ್,
ಬರ್ತ್‌ಡೇ ಮನೆಗಳಿಗೆ ಬಲೂನಿನ ಕಮಾನು ಕಟ್ಟುವವನು.
ಹುಡುಗನ ಮೈಮೇಲೆ ಅಮ್ಮ ಎದ್ದು ಫಂಕ್ಷನ್ ನಿಂತಿತ್ತು,
ಮಂಡಿ ಮೊಹಲ್ಲಾದಿಂದ ಬಾಡಿಗೆಗೆ ತಂದ ಸಿಲಿಂಡರಿನಲ್ಲಿ
ಹೀಲಿಯಂ ಹಾಗೇ ಉಳಿದಿತ್ತು.
ನಾಳೆ ವಾಪಸ್ ಕೊಡಬೇಕಣ್ಣ, ಏನಾದರೂ ಮಾಡೋಣ, ಅಂದ.

ಅವನ ಮಗಳು ಅಫ್ರೀನ, ಒಂಬತ್ತನೇ ಕ್ಲಾಸು,
ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು:
ಒಂದು ಬಲೂನು ಎತ್ತುವುದು
ಅಂಗಡಿಯವನ ಪ್ರಕಾರ ಹದಿನಾಲ್ಕು ಗ್ರಾಂ, ನಿಜಕ್ಕೆ ಹನ್ನೊಂದು.
ಪದ್ಮರಾಜಯ್ಯನವರ ಚಿನ್ನದ ತಕ್ಕಡಿಯಲ್ಲಿಟ್ಟರೆ
ನನ್ನ ಹಳೇ ಪುಟ್ಟ ಕ್ಯಾಮೆರಾ ನೂರ ಅರವತ್ತೆರಡು.
ಎಷ್ಟು ಕ್ಯಾರೆಟ್ಟು? ಅಂದರು. ನಗಲಿಲ್ಲ.
ನೀರಿನ ಬಾಟಲಿ ಕತ್ತರಿಸಿ ಪಂಜರ,
ಮೀನಿನ ಗಾಳದ ದಾರ ನೂರೈವತ್ತು ಮೀಟರು,
ಐದು ಸೆಕೆಂಡಿಗೊಮ್ಮೆ ತಾನೇ ಕಣ್ಣು ಮಿಟುಕಿಸುವ ಏರ್ಪಾಟು,
ಮೂವತ್ತೊಂದು ಬಲೂನು. ಅರ್ಧದ ಮೇಲೆಲ್ಲ
ಹ್ಯಾಪಿ ಬರ್ತ್‌ಡೇ.

ಹಿರೋಡೆ ಕೆರೆ ಏರಿ, ಬೆಳಗಿನ ಆರೂಮುಕ್ಕಾಲು.
ಕುಂತಿಬೆಟ್ಟದ ಸಂದಿಯಲ್ಲಿ ಗಾಳಿ ಇನ್ನೂ ಎದ್ದಿರಲಿಲ್ಲ.
ಬಿಟ್ಟೆವು.
ಹೋಯಿತು, ಏನು ಹೇಳಲಿ,
ಊಟದ ಪಂಕ್ತಿಯಿಂದ ತಪ್ಪಿಸಿಕೊಂಡ ಮಕ್ಕಳ ಹಾಗೆ
ಒಂದನ್ನೊಂದು ಡಿಕ್ಕಿ ಹೊಡೆಯುತ್ತ, ಕಿರುಗುಡುತ್ತ.
ಬೆರಳ ಮೇಲೆ ದಾರ ಜುಂ ಅಂದಿತು.
ಕೊಯ್ದಿತು ಕೂಡ.

ಕಬ್ಬಿನ ಸಾಲಿನಿಂದ ಸಣ್ಣತಾಯಮ್ಮ ಬಂದಳು, ಕೈಯಲ್ಲಿ ಕುಡ್ಲು:
"ಯಾಕ್ರಪ್ಪಾ, ರೋಡಿಗೆ ಅಳೀತಿದ್ದೀರಾ?
ಓದ್ಸಾರಿ ಇಂಗೇ ಕೆಂಪು ಕಡ್ಡಿ ನೆಟ್ಟೋದ್ರು,
ಮೂರು ಗುಂಟೆ ಓಯ್ತು."
ಇಲ್ಲ ತಾಯಿ, ಫೋಟೋ. ಸುಮ್ಮನೆ.
"ಸುಮ್ಕೆ ಯಾರ್ಲಾ ಮೇಲಿಂದ ನೋಡ್ತಾರೆ?"
ನನ್ನ ಬಳಿ ಉತ್ತರವಿರಲಿಲ್ಲ.
ಅಫ್ರೀನ ದಾರವನ್ನು ಅವಳ ಕೈಗೆ ಕೊಟ್ಟಳು.
"ಎಳೀತದಲ್ಲಾ ಇದು!" ಅಂದಳು ಮುದುಕಿ,
ಕುಡ್ಲು ಕೆಳಗಿಟ್ಟು
ಕರುವಿನ ಹಗ್ಗದಂತೆ ಎರಡೂ ಕೈಯಲ್ಲಿ ಹಿಡಿದಳು.

ಆಮೇಲೆ ಗಾಳಿ ಎದ್ದಿತು. ಗೊಂಚಲು ವಾಲಿ
ತೆಂಗಿನ ಗರಿಗೆ ತಗುಲಿ ಪಟಪಟ
ಒಂಬತ್ತು ಬರ್ತ್‌ಡೇ ಮುಗಿದವು.
ಉಳಿದವು ಕ್ಯಾಮೆರಾವನ್ನು ಮೆಲ್ಲಗೆ ಕೆಸರಿಗಿಳಿಸಿದವು.

ಮುನ್ನೂರ ಹನ್ನೆರಡು ಚಿತ್ರ.
ಬಾಟಲಿಯ ಅಂಚು. ಬರೀ ಬಿಳಿ. ತಿರುಗುತ್ತ ಕಲಸಿಹೋದ ಹಸಿರು.
ಓರೆಯಾದ ನಾಲೆ. ಆಲೆಮನೆಯ ಹೊಗೆ: ಮೇಲಿಂದ ನೋಡಿದರೆ
ಹೊಗೆಗೆ ಎತ್ತರವೇ ಇಲ್ಲ, ನೆಲದ ಮೇಲೆ ಚೆಲ್ಲಿದ ಹಾಲು.
ಏರಿಯ ಮೇಲೆ ಹೋಗುವವರಿಗೆ ಮುಖವೇ ಇಲ್ಲ;
ಟವಲ್ಲು, ಬೈತಲೆ, ಒಂದು ಬಕೆಟ್ಟಿನ ಬಾಯಿ,
ಮನುಷ್ಯನಿಗಿಂತ ಉದ್ದ ಅವನ ನೆರಳು.
ಯಾರ ಎಂಟು ಪ್ರತಿ ಯಾರಿಗೆ ಕೊಡಲಿ?

ಒಂದರಲ್ಲಿ ಸಣ್ಣತಾಯಮ್ಮನ ಹೊಲ.
ರಸ್ತೆಯ ಈಚೆ ತುಂಡಾಗಿ ನಿಂತ ಬದು
ಆಚೆಯೂ ಅದೇ ಓರೆಯಲ್ಲಿ ಮುಂದುವರಿದಿತ್ತು,
ಟಾರಿಗೆ ಗೊತ್ತೇ ಇಲ್ಲದ ಹಾಗೆ.

ಇನ್ನೂರ ಏಳನೆಯದು ನೇರ ಬಂದಿತ್ತು.
ದಾರದ ಬುಡದಲ್ಲಿ ನಾಲ್ಕು ಜನ, ಅಕ್ಕಿಕಾಳಿನಷ್ಟು.
ದೊಡ್ಡದು ಮಾಡಿದೆ. ಇನ್ನೂ ದೊಡ್ಡದು.
ಚೌಕಚೌಕವಾಗಿ ಒಡೆಯುವ ಮುಂಚೆ ನಿಲ್ಲಿಸಿದೆ.
ಅಷ್ಟೂ ಚಿತ್ರದಲ್ಲಿ ಮುಖವಿದ್ದವರು ನಾವೇ:
ರಹಮತ್, ಅಫ್ರೀನ, ನಾನು, ಬಾಯಿ ತೆರೆದ ಸಣ್ಣತಾಯಮ್ಮ,
ಯಾರೂ ಹೇಳದೆ
ಗಲ್ಲ ಮೇಲೆ.

ಸಂತೆ ದಿನ ಅವಳು ಸ್ಟುಡಿಯೋಗೆ ಬಂದಳು.
ಆ ಚಿತ್ರ ತೋರಿಸಿದೆ. ನೋಡಿ ಪಕ್ಕಕ್ಕಿಟ್ಟಳು.
"ಮೊಕ ಇರೋದು ಬ್ಯಾಡ ಕಣಪ್ಪ, ಬದು ಇರೋದು ಕೊಡು."
ಎಷ್ಟು ಪ್ರತಿ? ಕೋರ್ಟಿಗಾ?
"ಒಂದು ಸಾಕು. ಕೋರ್ಟೂ ಇಲ್ಲ ಕಚೇರೀನೂ ಇಲ್ಲ.
ಸುಮ್ಕೆ. ನೋಡಾಕೆ."